ಬೇರೆ ಕಾಲೇಜಿನಿಂದ ಬಂದ ಕ್ವಾರ್ಟರ್‌ಬ್ಯಾಕ್: ಶನಿವಾರದ ಪಂದ್ಯವನ್ನು ಅವನು ಎಷ್ಟು ಬದಲಿಸಬಲ್ಲ?

ಆಗಸ್ಟ್ ಕೊನೆಯ ವಾರ ಬಂತೆಂದರೆ ಅಮೆರಿಕದ ಕಾಲೇಜು ಊರುಗಳಲ್ಲಿ ಮಾತೆಲ್ಲ ಫುಟ್‌ಬಾಲಿನದೇ. ಓದಲೆಂದು ಕೊಲಂಬಸ್‌ಗೋ ಆನ್ ಆರ್ಬರ್‌ಗೋ ಹೋದ ನಮ್ಮ ಕಡೆಯ ಹುಡುಗ ಹುಡುಗಿಯರಿಗೆ ಮೊದಲ ತಿಂಗಳಲ್ಲೇ ಇದರ ಬಿಸಿ ತಟ್ಟುತ್ತದೆ. ಶನಿವಾರ ರಸ್ತೆಗಳು ಬಂದ್, ಬಸ್ಸು ಬೇರೆ ದಾರಿ ಹಿಡಿಯುತ್ತದೆ, ಲಕ್ಷಕ್ಕೂ ಮಿಕ್ಕಿ ಜನ ಹಿಡಿಸುವ ಕ್ರೀಡಾಂಗಣ ತುಂಬಿ ತುಳುಕುತ್ತದೆ. ಜೊತೆಯವರು ಕೇಳುವ ಪ್ರಶ್ನೆ ಒಂದೇ: ಹೊಸ ಟ್ರಾನ್ಸ್‌ಫರ್ ಕ್ವಾರ್ಟರ್‌ಬ್ಯಾಕ್, ಅಂದರೆ ಬೇರೆ ಕಾಲೇಜಿನಿಂದ ಬಂದು ಈಗ ಈ ತಂಡದ ಆಕ್ರಮಣ ನಡೆಸುವವನು, ಹೇಗೆ ಆಡಬಹುದು? ಆಟವೇ ಗೊತ್ತಿಲ್ಲದವರಿಗೆ ಈ ಪ್ರಶ್ನೆಯ ತೂಕ ತಿಳಿಯುವುದಿಲ್ಲ. ಹನ್ನೊಂದು ಜನರಲ್ಲಿ ಒಬ್ಬ ಬದಲಾದರೆ ಇಷ್ಟು ಮಾತೇಕೆ?

ಅವನ ತೋಳಿನ ಬಲದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಆದರೆ ಮೊದಲ ಕೆಲವು ಪಂದ್ಯಗಳ ಹಣೆಬರಹ ಬರೆಯುವುದು ಉಳಿದ ಹತ್ತು ಜನರ ಜೊತೆ ಅವನು ಎಷ್ಟು ದಿನ ಅಭ್ಯಾಸ ಮಾಡಿದ್ದಾನೆ ಎಂಬ ಲೆಕ್ಕ. ಈ ಲೆಕ್ಕ ಅರ್ಥವಾಗಬೇಕಾದರೆ ಆಟದ ಬುಡದಿಂದಲೇ ಹೊರಡಬೇಕು.

ನಾಲ್ಕು ಯತ್ನ, ಹತ್ತು ಗಜ

ಇದು ನಾವು ಫುಟ್‌ಬಾಲ್ ಎಂದು ಕರೆಯುವ ಆಟವಲ್ಲ. ಚೆಂಡು ಎರಡೂ ತುದಿ ಚೂಪಾಗಿ ಉದ್ದಕ್ಕಿರುತ್ತದೆ. ಕಾಲಿಗಿಂತ ಕೈಗೇ ಹೆಚ್ಚು ಕೆಲಸ. ಒಂದು ಗೋಲ್ ಗೆರೆಯಿಂದ ಇನ್ನೊಂದಕ್ಕೆ 100 ಗಜ, ಅದರಾಚೆ ಎರಡೂ ಬದಿಗೆ 10 ಗಜದ ಎಂಡ್ ಝೋನ್. 15 ನಿಮಿಷದ ನಾಲ್ಕು ಭಾಗ.

ಚೆಂಡು ಯಾರ ಕೈಯಲ್ಲಿದೆಯೋ ಆ ತಂಡಕ್ಕೆ ನಾಲ್ಕು ಯತ್ನ ಸಿಗುತ್ತವೆ. ಒಂದೊಂದು ಯತ್ನಕ್ಕೂ ಡೌನ್ ಎಂದು ಹೆಸರು. ಆ ನಾಲ್ಕರೊಳಗೆ 10 ಗಜ ಮುಂದೆ ಹೋದರೆ ಮತ್ತೆ ಹೊಸದಾಗಿ ನಾಲ್ಕು ಯತ್ನ; ಹೋಗದಿದ್ದರೆ ಚೆಂಡು ಎದುರಾಳಿಗೆ. ಚೆಂಡನ್ನು ಹಿಡಿದು ಎಂಡ್ ಝೋನ್ ಮುಟ್ಟಿದರೆ ಟಚ್‌ಡೌನ್, 6 ಅಂಕ. ಅದರ ಬೆನ್ನಿಗೇ ಚೆಂಡನ್ನು ಕಂಬಗಳ ನಡುವೆ ಒದ್ದರೆ ಇನ್ನೊಂದು ಅಂಕ. ಅಷ್ಟು ದೂರ ಹೋಗಲಾಗದಾಗ ನಡುವಿನಿಂದಲೇ ಒದ್ದು ಗಳಿಸುವುದು ಫೀಲ್ಡ್ ಗೋಲ್, 3 ಅಂಕ.

ನಾಲ್ಕನೇ ಯತ್ನದಲ್ಲಿ ಎಡವಿದರೆ ಎದುರಾಳಿಗೆ ಅಲ್ಲೇ ಚೆಂಡು ಸಿಗುತ್ತದೆ. ಹಾಗಾಗಿ ಬಹಳ ಸಲ ಚೆಂಡನ್ನು ದೂರ ಒದ್ದು ಕೈಬಿಡುತ್ತಾರೆ. ಅಂದರೆ ನಿಜವಾದ ಪರೀಕ್ಷೆ ಮೂರನೇ ಯತ್ನದ್ದು. ಮೂರನೆಯದರಲ್ಲಿ ಇನ್ನೂ ಏಳೆಂಟು ಗಜ ಬಾಕಿ ಇದೆ ಎಂದರೆ ಚೆಂಡು ಎಸೆಯಲೇಬೇಕು, ಅದು ಎದುರಾಳಿಗೂ ಗೊತ್ತು. ಹೊಸ ಕ್ವಾರ್ಟರ್‌ಬ್ಯಾಕ್‌ನ ಗಟ್ಟಿತನ ತಿಳಿಯುವುದು ಅಲ್ಲೇ.

ನಲವತ್ತು ಸೆಕೆಂಡಿನ ಕೆಲಸ

ಪ್ರತಿ ಯತ್ನವನ್ನೂ ಶುರು ಮಾಡುವವನು ಸೆಂಟರ್ ಎಂಬ ಆಟಗಾರ. ಅವನು ಬಾಗಿ ಚೆಂಡನ್ನು ಕಾಲುಗಳ ನಡುವಿನಿಂದ ಹಿಂದಕ್ಕೆ ಕೊಡುತ್ತಾನೆ, ಇದೇ ಸ್ನ್ಯಾಪ್. ಅದನ್ನು ಪಡೆಯುವವನು ಕ್ವಾರ್ಟರ್‌ಬ್ಯಾಕ್. ಅವನು ಮೂರರಲ್ಲಿ ಒಂದನ್ನು ಮಾಡಬಹುದು: ಓಡುವವನ ಕೈಗೆ ಚೆಂಡು ಕೊಡುವುದು, ಮುಂದೆ ಓಡುತ್ತಿರುವ ರಿಸೀವರ್‌ಗೆ ಎಸೆಯುವುದು, ಇಲ್ಲವೇ ತಾನೇ ಓಡುವುದು. ಅವನ ಮುಂದೆ ಸೆಂಟರ್ ಸೇರಿ ಐದು ಜನ ದಢೂತಿ ಆಟಗಾರರ ಗೋಡೆ ನಿಂತಿರುತ್ತದೆ.

ಹಿಂದಿನ ಯತ್ನ ಮುಗಿದ ಕ್ಷಣದಿಂದ ಮುಂದಿನ ಸ್ನ್ಯಾಪ್‌ಗೆ ಸಾಮಾನ್ಯವಾಗಿ 40 ಸೆಕೆಂಡು. ಈ ಅವಧಿಯನ್ನು ಹತ್ತಿರದಿಂದ ನೋಡಿದರೆ ಕ್ವಾರ್ಟರ್‌ಬ್ಯಾಕ್‌ನ ಕೆಲಸವೆಲ್ಲ ಕಣ್ಣಿಗೆ ಬೀಳುತ್ತದೆ. 2024ರಿಂದ ಕಾಲೇಜು ಆಟದ ಮೇಲಿನ ಹಂತದಲ್ಲಿ ಆತನ ಹೆಲ್ಮೆಟ್ಟಿನೊಳಗೆ ಪುಟ್ಟ ಸ್ಪೀಕರ್ ಇಡಬಹುದು. ಹೆಲ್ಮೆಟ್ಟಿನ ಹಿಂದೆ ಹಸಿರು ಚುಕ್ಕೆ ಇದ್ದರೆ ಅವನೇ ಎಂದು ಗುರುತು. ಕೋಚ್ ಯೋಜನೆಯ ಹೆಸರು ಹೇಳುತ್ತಾರೆ. ಗಡಿಯಾರದಲ್ಲಿ 15 ಸೆಕೆಂಡು ಉಳಿದಾಗ ಆ ದನಿ ತಾನಾಗಿ ಕಡಿದುಹೋಗುತ್ತದೆ. ಅಲ್ಲಿಂದ ಮುಂದೆ ಅವನು ಒಬ್ಬನೇ.

ಆ 15 ಸೆಕೆಂಡಿನಲ್ಲಿ ಎದುರಿನ ಹನ್ನೊಂದು ಜನ ಎಲ್ಲೆಲ್ಲಿ ನಿಂತಿದ್ದಾರೆ ನೋಡಬೇಕು. ಹಿಂದೆ ನಿಂತ ಕಾವಲುಗಾರರು ಇಬ್ಬರೋ ಒಬ್ಬನೋ ಎಣಿಸಬೇಕು. ಯಾವ ಕಡೆಯಿಂದ ಹೆಚ್ಚಿನ ಜನ ತನ್ನ ಮೇಲೆ ನುಗ್ಗಬಹುದು ಎಂದು ಊಹಿಸಿ, ತನ್ನ ಗೋಡೆಯ ಐವರನ್ನು ಆ ಕಡೆಗೆ ತಿರುಗಿಸುವ ಸಂಕೇತ ಕೂಗಬೇಕು, ಅಥವಾ ಸೆಂಟರ್ ಕೂಗಿದ್ದನ್ನು ಒಪ್ಪಬೇಕು. ಯೋಜನೆ ಸರಿಹೋಗುವುದಿಲ್ಲ ಎನಿಸಿದರೆ ಬದಲಿಸಬೇಕು. ಸ್ನ್ಯಾಪ್ ಆದ ಮೇಲೆ ಸಿಗುವುದು ಸುಮಾರು ಎರಡೂವರೆ ಮೂರು ಸೆಕೆಂಡು. ರಿಸೀವರ್ ತಿರುಗಿ ನೋಡುವ ಮೊದಲೇ ಅವನು ತಿರುಗಲಿರುವ ಜಾಗಕ್ಕೆ ಚೆಂಡು ಹೊರಟಿರಬೇಕು.

ಯಕ್ಷಗಾನ ನೋಡಿ ಬೆಳೆದವರಿಗೆ ಈ ಪಾತ್ರ ಬೇಗ ತಿಳಿಯುತ್ತದೆ. ಕ್ವಾರ್ಟರ್‌ಬ್ಯಾಕ್ ಎಂದರೆ ಹೆಚ್ಚುಕಮ್ಮಿ ಭಾಗವತರ ಸ್ಥಾನ. ಪದ ಎತ್ತುವವರು, ಲಯ ಹಿಡಿಯುವವರು, ಆಟವನ್ನು ಎಳೆಯುವುದೋ ಓಡಿಸುವುದೋ ತೀರ್ಮಾನಿಸುವವರು ಅವರೇ. ಒಂದು ತಿರುಗಾಟ ಮುಗಿದ ಮೇಲೆ ಒಳ್ಳೆಯ ಭಾಗವತರು ಬೇರೆ ಮೇಳ ಸೇರಿದರೆಂದುಕೊಳ್ಳಿ. ಪ್ರಸಂಗ ಅವರಿಗೆ ಬಾಯಿಪಾಠ, ಕಂಠ ಅದೇ. ಆದರೂ ಹೊಸ ಮೇಳದ ಮದ್ದಳೆ ಚಂಡೆಯವರಿಗೆ ಇವರು ಎಲ್ಲಿ ನಿಲ್ಲಿಸುತ್ತಾರೆ, ಬಿಡ್ತಿಗೆ ಎಂಬ ಬಡಿತ ಎಲ್ಲಿ ಬೇಕು ಎಂಬುದು ಕೈಗೆ ಹತ್ತಲು ಕೆಲವು ರಾತ್ರಿ ಬೇಕು. ಅಷ್ಟರವರೆಗೆ ಆಟ ಎಲ್ಲೋ ಒಂದು ಕಡೆ ಕುಂಟುತ್ತದೆ. ಟ್ರಾನ್ಸ್‌ಫರ್ ಕ್ವಾರ್ಟರ್‌ಬ್ಯಾಕ್ ಇರುವ ತಂಡದ ಮೊದಲ ಪಂದ್ಯಗಳಲ್ಲಿ ಆಗುವುದೂ ಇದೇ.

ಕಾಲೇಜು ಬದಲಿಸುವುದು ಇಷ್ಟು ಸಲೀಸಾದದ್ದು ಹೇಗೆ

ಬಹಳ ವರ್ಷ ಕಾಲ ಒಂದು ಕಾಲೇಜು ಬಿಟ್ಟು ಇನ್ನೊಂದಕ್ಕೆ ಹೋದ ಫುಟ್‌ಬಾಲ್ ಆಟಗಾರ ಸಾಮಾನ್ಯವಾಗಿ ಒಂದು ವರ್ಷ ಬೆಂಚಿನ ಮೇಲೆ ಕೂರಬೇಕಿತ್ತು. ಪದವಿ ಮುಗಿಸಿ ಸ್ನಾತಕೋತ್ತರಕ್ಕೆ ಹೋಗುವವರಿಗೆ ವಿನಾಯಿತಿ ಇತ್ತು. ಕಾಲೇಜು ಕ್ರೀಡೆಯನ್ನು ನಡೆಸುವ ಎನ್‌ಸಿಎಎ ಸಂಸ್ಥೆ 2018ರ ಅಕ್ಟೋಬರ್ 15ರಂದು ಟ್ರಾನ್ಸ್‌ಫರ್ ಪೋರ್ಟಲ್ ತೆರೆಯಿತು. ಅದು ಒಂದು ಹೆಸರಿನ ಪಟ್ಟಿ, ಅಷ್ಟೇ: ಹೆಸರು ಸೇರಿತೆಂದರೆ ಬೇರೆ ಕಾಲೇಜುಗಳ ಕೋಚ್‌ಗಳು ನೇರ ಮಾತಾಡಬಹುದು, ಹಳೆಯ ಕೋಚ್‌ನ ಅಪ್ಪಣೆ ಬೇಕಿಲ್ಲ. 2021ರ ಏಪ್ರಿಲ್‌ನಲ್ಲಿ ಒಂದು ಸಲ ಕಾಲೇಜು ಬದಲಿಸಿ ಕೂಡಲೇ ಆಡಲು ಅವಕಾಶ ಬಂತು. 2024ರ ಏಪ್ರಿಲ್‌ನಿಂದ, ಓದಿನಲ್ಲಿ ಅರ್ಹತೆ ಇದ್ದರೆ, ಎಷ್ಟು ಸಲ ಬೇಕಾದರೂ ಬದಲಿಸಬಹುದು.

ಇದರ ಜೊತೆಗೆ ದುಡ್ಡೂ ಬಂತು. 2021ರ ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಚಿತ್ರ ಬಳಸಿ ಜಾಹೀರಾತಿನಿಂದ ಗಳಿಸಬಹುದು. 2025ರ ಜುಲೈ 1ರಿಂದ ಕಾಲೇಜುಗಳೇ ನೇರವಾಗಿ ಹಣ ಕೊಡಬಹುದು. ಮೊದಲ ವರ್ಷಕ್ಕೆ ಒಂದು ಕಾಲೇಜಿನ ಎಲ್ಲ ಕ್ರೀಡೆಗಳಿಗೂ ಸೇರಿ ಮಿತಿ ಸುಮಾರು 2.05 ಕೋಟಿ ಡಾಲರ್. ಐಪಿಎಲ್ ಹರಾಜಿನ ನಂತರ ತಂಡಗಳ ಮುಖವೇ ಬದಲಾಗುವುದನ್ನು ನೋಡಿದವರಿಗೆ ಇದು ಹೊಸದಲ್ಲ. ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಐಪಿಎಲ್ ತಂಡ ಬದಲಿಸಿದ ಬ್ಯಾಟರ್ ಮೊದಲ ದಿನವೇ ತನ್ನ ಆಟ ಆಡಬಲ್ಲ, ಏಕೆಂದರೆ ಕವರ್ ಡ್ರೈವ್‌ಗೆ ಜೊತೆಗಾರರ ನೆರವು ಬೇಕಿಲ್ಲ. ಕ್ವಾರ್ಟರ್‌ಬ್ಯಾಕ್‌ನ ಒಂದು ಎಸೆತಕ್ಕೆ ಕನಿಷ್ಠ ಆರೇಳು ಜನ ಸರಿಯಾದ ಹೊತ್ತಿಗೆ ಸರಿಯಾದ ಕೆಲಸ ಮಾಡಿರಬೇಕು.

ಹದಿನೈದು ಮತ್ತು ಇಪ್ಪತ್ತೈದು

ಈಗ ಅಭ್ಯಾಸದ ಲೆಕ್ಕಕ್ಕೆ ಬರೋಣ. ನಿಯಮದ ಪ್ರಕಾರ ಮಾರ್ಚ್ ಏಪ್ರಿಲ್ ಹೊತ್ತಿನ ವಸಂತ ಅಭ್ಯಾಸ 15 ದಿನ, ಋತು ಶುರುವಾಗುವ ಮೊದಲಿನ ಶಿಬಿರ 25 ದಿನ. ಋತು ಶುರುವಾದ ಮೇಲೆ ವಾರಕ್ಕೆ 20 ಗಂಟೆ ಮಿತಿ. ಜನವರಿಯಲ್ಲೇ ಬಂದ ಕ್ವಾರ್ಟರ್‌ಬ್ಯಾಕ್‌ಗೆ ಮೊದಲ ಪಂದ್ಯದೊಳಗೆ ಹೆಚ್ಚೆಂದರೆ ಸುಮಾರು 40 ಅಭ್ಯಾಸ ಸಿಕ್ಕಿರುತ್ತವೆ. ವಸಂತದ ನಂತರ ಬಂದವನಿಗೆ ಬರೀ 25. ಸ್ಥಾನಕ್ಕಾಗಿ ಇನ್ನೊಬ್ಬನ ಜೊತೆ ಪೈಪೋಟಿ ಇದ್ದರೆ ಮುಖ್ಯ ತಂಡದ ಜೊತೆ ಆಡುವ ಸರದಿಯೂ ಇಬ್ಬರ ನಡುವೆ ಹಂಚಿಹೋಗುತ್ತದೆ. ಆದ್ದರಿಂದ ಪಂದ್ಯಕ್ಕೆ ಮುಂಚೆ ಕೇಳಬೇಕಾದ ಮೊದಲ ಪ್ರಶ್ನೆ: ಬಂದದ್ದು ಯಾವಾಗ, ಮೊದಲ ಕ್ವಾರ್ಟರ್‌ಬ್ಯಾಕ್ ಎಂದು ಹೆಸರು ಘೋಷಿಸಿದ್ದು ಯಾವಾಗ?

ಆ 40 ದಿನದಲ್ಲಿ ಕಲಿಯಬೇಕಾದ್ದು ಏನೇನು? ಮೊದಲನೆಯದು ಭಾಷೆ. ಪ್ರತಿ ಕೋಚ್‌ಗೂ ತನ್ನದೇ ಪದಕೋಶ. ಒಂದೇ ಓಟದ ದಾರಿಗೆ ಹಳೆಯ ಕಾಲೇಜಿನಲ್ಲಿ ಒಂದು ಹೆಸರು, ಇಲ್ಲಿ ಇನ್ನೊಂದು. ಮನಸ್ಸಿನಲ್ಲಿ ಅನುವಾದ ಮಾಡುತ್ತ ಕೂರುವವನಿಗೆ ಎರಡು ಸೆಕೆಂಡು ತಡವಾಗುತ್ತದೆ, 40 ಸೆಕೆಂಡಿನ ಗಡಿಯಾರದಲ್ಲಿ ಅದು ಬಹಳ. ಎರಡನೆಯದು ಸ್ನ್ಯಾಪ್. ಕ್ವಾರ್ಟರ್‌ಬ್ಯಾಕ್ ಸೆಂಟರ್‌ಗಿಂತ ಸುಮಾರು 5 ಗಜ ಹಿಂದೆ ನಿಂತು ಚೆಂಡು ಪಡೆಯುವುದೇ ಈಗ ಹೆಚ್ಚು. ಒಬ್ಬೊಬ್ಬ ಸೆಂಟರ್‌ನ ವೇಗ, ಎತ್ತರ ಬೇರೆ. ಕಣ್ಣು ಎದುರಾಳಿಗಳ ಮೇಲಿರಬೇಕು, ಕೈಗೆ ಚೆಂಡು ತಾನಾಗಿ ಬಂದು ಕೂರಬೇಕು; ಇದು ನೂರಾರು ಸಲ ಮಾಡದೆ ಬರುವುದಿಲ್ಲ.

ಮೂರನೆಯದು ರಿಸೀವರ್‌ಗಳ ಜೊತೆಗಿನ ಹೊಂದಾಣಿಕೆ, ಎಲ್ಲಕ್ಕಿಂತ ಹೆಚ್ಚು ಕಾಲ ಹಿಡಿಯುವುದು ಇದಕ್ಕೇ. ಹೊಸ ಸ್ಪಿನ್ನರ್ ಬಂದಾಗ ಅವನ ಕೈ ಓದಲು ವಿಕೆಟ್ ಕೀಪರ್‌ಗೆ ಸಮಯ ಬೇಕಲ್ಲ, ಹಾಗೆ. ಕೆಲವು ಯೋಜನೆಗಳಲ್ಲಿ ರಿಸೀವರ್ ಎದುರಾಳಿಯನ್ನು ನೋಡಿ ದಾರಿ ಆರಿಸಿಕೊಳ್ಳುತ್ತಾನೆ: ಕಾವಲುಗಾರ ಹಿಂದೆ ಸರಿದರೆ ನಿಲ್ಲು, ಹತ್ತಿರ ಬಂದರೆ ಓಡು. ಕ್ವಾರ್ಟರ್‌ಬ್ಯಾಕ್ ಕೂಡ ಅದನ್ನೇ ನೋಡಿ ಅದನ್ನೇ ಯೋಚಿಸಬೇಕು. ಇಬ್ಬರ ಓದು ಬೇರೆಯಾದರೆ ಚೆಂಡು ಯಾರೂ ಇಲ್ಲದ ಕಡೆಗೆ ಹೋಗುತ್ತದೆ, ಅಥವಾ ನೇರ ಎದುರಾಳಿಯ ಕೈಗೆ. ಟಿವಿಯಲ್ಲಿ ನೋಡಿದವರಿಗೆ ಅದು ಕೆಟ್ಟ ಎಸೆತದಂತೆ ಕಾಣುತ್ತದೆ. ಎಷ್ಟೋ ಸಲ ಎಸೆತ ಸರಿಯೇ ಇರುತ್ತದೆ.

ಎಡಗೈಯವನಾದರೆ ಇನ್ನೂ ಒಂದು ತೊಡಕು. ಚೆಂಡು ತಿರುಗುವ ದಿಕ್ಕೇ ಉಲ್ಟಾ ಆಗುತ್ತದೆ, ರಿಸೀವರ್‌ಗಳ ಅಂಗೈಗೆ ಅದು ಹೊಸದು. ಗೋಡೆಯಲ್ಲೂ ಜವಾಬ್ದಾರಿ ಅದಲುಬದಲು. ಬಲಗೈಯವನು ಎಸೆಯಲು ನಿಂತಾಗ ಎಡಭಾಗಕ್ಕೆ ಬೆನ್ನು ಮಾಡಿರುತ್ತಾನೆ, ಆದ್ದರಿಂದ ಗೋಡೆಯ ಎಡತುದಿಯಲ್ಲಿ ನಿಲ್ಲುವ ಟ್ಯಾಕಲ್ ಎಂಬ ಆಟಗಾರ ಅವನ ಬೆನ್ನು ಕಾಯುತ್ತಾನೆ. ಎಡಗೈಯವನಿಗೆ ಆ ಕೆಲಸ ಬಲತುದಿಯವನದು. ಇಂಡಿಯಾನಾ ವಿಶ್ವವಿದ್ಯಾಲಯದಿಂದ ವಾಷಿಂಗ್ಟನ್ ವಿಶ್ವವಿದ್ಯಾಲಯಕ್ಕೆ ಹೋದ ಕ್ವಾರ್ಟರ್‌ಬ್ಯಾಕ್ ಮೈಕಲ್ ಪೆನಿಕ್ಸ್ ಜೂನಿಯರ್ ಎಡಗೈ ಆಟಗಾರರು. ಅಲ್ಲಿ ಅವರ ಬೆನ್ನು ಕಾದವರು ಬಲಭಾಗದ ರಾಜರ್ ರೋಸೆನ್‌ಗಾರ್ಟನ್.

ಅಭ್ಯಾಸದಲ್ಲಿ ಎಷ್ಟು ದಿನ ಕಳೆದರೂ ಕಲಿಯಲಾಗದ ಒಂದು ಸಂಗತಿ ಇದೆ, ಸುದ್ದಿಗಳಲ್ಲಿ ಇದರ ಬಗ್ಗೆ ಮಾತು ಕಡಿಮೆ. ಅಭ್ಯಾಸದ ವೇಳೆ ಕ್ವಾರ್ಟರ್‌ಬ್ಯಾಕ್ ಬೇರೆ ಬಣ್ಣದ ಅಂಗಿ ತೊಡುತ್ತಾನೆ, ಅವನನ್ನು ಯಾರೂ ಕೆಡವುವಂತಿಲ್ಲ. ಗಾಯದ ಭಯಕ್ಕೆ ಈ ಏರ್ಪಾಟು. ಆದ್ದರಿಂದ ಹೊಸ ಗೋಡೆಯ ಹಿಂದೆ ನಿಂತು ನಿಜವಾದ ಪೆಟ್ಟು ತಿನ್ನುವುದು ಮೊದಲ ಪಂದ್ಯದಲ್ಲೇ. ಶಿಬಿರದ ವರದಿಗಳು ಎಷ್ಟೇ ಹೊಗಳಿದರೂ ಈ ಒಂದು ವಿಷಯ ಅವುಗಳಿಂದ ತಿಳಿಯುವುದಿಲ್ಲ.

2024ರ ಸೆಪ್ಟೆಂಬರ್ 7: ನೋಟರ್ ಡೇಮ್‌ಗೆ ಆದದ್ದು

ರೈಲಿ ಲೆನಾರ್ಡ್ ಡ್ಯೂಕ್ ವಿಶ್ವವಿದ್ಯಾಲಯದ ಕ್ವಾರ್ಟರ್‌ಬ್ಯಾಕ್ ಆಗಿದ್ದರು. 2023ರ ಸೆಪ್ಟೆಂಬರ್‌ನಲ್ಲಿ ನೋಟರ್ ಡೇಮ್ ವಿರುದ್ಧವೇ ಆಡುವಾಗ ಅವರ ಕಾಲಗಂಟಿಗೆ ಪೆಟ್ಟಾಯಿತು. ಆ ಋತು ಮುಗಿದ ಮೇಲೆ ಅದೇ ನೋಟರ್ ಡೇಮ್ ಸೇರಿದರು. ಆದರೆ ವಸಂತದಲ್ಲಿ ಕಾಲಗಂಟಿಗೆ ಶಸ್ತ್ರಚಿಕಿತ್ಸೆ ಆಗಿ, ಆ 15 ಅಭ್ಯಾಸಗಳಲ್ಲಿ ಒಂದಷ್ಟು ಕೈತಪ್ಪಿದವು. ಆಕ್ರಮಣದ ಯೋಜನೆ ಹೆಣೆಯುವ ಕೋಚ್ ಮೈಕ್ ಡೆನ್‌ಬ್ರಾಕ್ ಕೂಡ ಆ ವರ್ಷವೇ ಬಂದವರು. ಎಡತುದಿಯ ಟ್ಯಾಕಲ್ ಆ್ಯಂಟನಿ ನ್ಯಾಪ್ ಮೊದಲ ವರ್ಷದ ಹುಡುಗ.

ಆಗಸ್ಟ್ 31ರಂದು ಟೆಕ್ಸಾಸ್ ಎ ಆ್ಯಂಡ್ ಎಂ ಅಂಗಳದಲ್ಲಿ 23–13ರಿಂದ ಗೆದ್ದರು. ಒಂದು ವಾರದ ನಂತರ ತಮ್ಮದೇ ಊರಿನಲ್ಲಿ, ಯಾರೂ ಲೆಕ್ಕಕ್ಕಿಡದ ನಾರ್ದರ್ನ್ ಇಲಿನಾಯ್ ಎದುರು 16–14ರಿಂದ ಸೋತರು. ಲೆನಾರ್ಡ್ 32 ಎಸೆತಗಳಲ್ಲಿ 20ನ್ನು ಜೊತೆಗಾರರ ಕೈಗೆ ಮುಟ್ಟಿಸಿದರು, ದೂರ ಮಾತ್ರ ಬರೀ 163 ಗಜ, ಎರಡು ಚೆಂಡು ಎದುರಾಳಿಯ ಕೈ ಸೇರಿದವು. ಅಂದರೆ ಹತ್ತಿರದ ಎಸೆತಗಳು ಹೋಗುತ್ತಿದ್ದವು, ದೂರದವು ಕೂಡಿಬರುತ್ತಿರಲಿಲ್ಲ. ಕೊನೆಯ ಭಾಗದಲ್ಲಿ ಮುನ್ನಡೆಯಲ್ಲಿದ್ದಾಗ ಎಸೆದ ದೂರದ ಚೆಂಡೊಂದು ಎದುರಾಳಿಗೆ ಸಿಕ್ಕಿತು. ಆ ತಂಡ ನಿಧಾನಕ್ಕೆ ಮುಂದೆ ಬಂದು 31 ಸೆಕೆಂಡು ಉಳಿದಿದ್ದಾಗ ಫೀಲ್ಡ್ ಗೋಲ್ ಒದ್ದಿತು.

ಎದುರಾಳಿಗೆ ಇಂಥ ದಿನ ಏನು ಮಾಡಬೇಕೆಂದು ಚೆನ್ನಾಗಿ ಗೊತ್ತಿರುತ್ತದೆ. ಹೊಸ ಕ್ವಾರ್ಟರ್‌ಬ್ಯಾಕ್ ಓಡುವುದನ್ನು ತಡೆ, ಹತ್ತಿರದ ಎಸೆತ ಬಿಡು, ದೂರಕ್ಕೆ ಎಸೆಯುವಂತೆ ಕೆಣಕು. ಹೊಂದಾಣಿಕೆ ಇನ್ನೂ ಕೂಡದ ತಂಡ ಸೋಲುವುದು ಆ ದೂರದ ಎಸೆತದಲ್ಲೇ.

ನೋಟರ್ ಡೇಮ್ ಅಲ್ಲಿಂದ ಮುಂದೆ ಸತತ 13 ಪಂದ್ಯ ಗೆದ್ದು ರಾಷ್ಟ್ರೀಯ ಫೈನಲ್ ತಲುಪಿತು. ಕ್ವಾರ್ಟರ್‌ಬ್ಯಾಕ್ ಅವರೇ, ಕೋಚ್ ಅವರೇ. ಹಾಗಾಗಿ ಸೆಪ್ಟೆಂಬರ್‌ನ ಒಂದು ಪಂದ್ಯ ನೋಡಿ ಟ್ರಾನ್ಸ್‌ಫರ್ ಆಟಗಾರನ ಜಾತಕ ಬರೆಯಲು ಹೋಗಬಾರದು ಎಂಬುದು ನನ್ನ ಎಣಿಕೆ.

ಕೋಚ್ ಜೊತೆಯಲ್ಲೇ ಬಂದರೆ

ಹೊಂದಾಣಿಕೆಯ ಕಾಲವನ್ನು ಕಡಿಮೆ ಮಾಡುವ ಒಂದು ದಾರಿ ಇದೆ: ಭಾಗವತರ ಜೊತೆಗೆ ಮದ್ದಳೆಯವರನ್ನೂ ಕರೆತರುವುದು. ವ್ಯಾಂಡರ್‌ಬಿಲ್ಟ್ 2023ರಲ್ಲಿ ಎರಡು ಗೆದ್ದು ಹತ್ತು ಸೋತಿತ್ತು. 2024ಕ್ಕೆ ನ್ಯೂ ಮೆಕ್ಸಿಕೊ ಸ್ಟೇಟ್‌ನಿಂದ ಕ್ವಾರ್ಟರ್‌ಬ್ಯಾಕ್ ಡಿಯೆಗೊ ಪವಿಯಾ ಬಂದರು. ಅವರ ಹಳೆಯ ಮುಖ್ಯ ಕೋಚ್ ಜೆರ್ರಿ ಕಿಲ್ ಸಲಹೆಗಾರರಾಗಿ ಬಂದರು, ಆಕ್ರಮಣದ ಯೋಜನೆ ಮಾಡುತ್ತಿದ್ದ ಟಿಮ್ ಬೆಕ್ ಬಂದರು, ಚೆಂಡು ಹಿಡಿಯುವ ಟೈಟ್ ಎಂಡ್ ಈಲೈ ಸ್ಟೋವರ್ಸ್ ಕೂಡ ಬಂದರು. ಪವಿಯಾ ಕಲಿಯಬೇಕಾದ್ದು ಹೊಸ ಭಾಷೆಯಲ್ಲ, ಹೊಸ ಮುಖಗಳು ಮಾತ್ರ.

ಮೊದಲ ಪಂದ್ಯದಲ್ಲೇ ವರ್ಜೀನಿಯಾ ಟೆಕ್ ಎದುರು ಹೆಚ್ಚುವರಿ ಸಮಯದಲ್ಲಿ 34–27ರ ಗೆಲುವು. ಅಕ್ಟೋಬರ್ 5ರಂದು ದೇಶದ ನಂಬರ್ 1 ಆಗಿದ್ದ ಅಲಬಾಮಾವನ್ನು 40–35ರಿಂದ ಸೋಲಿಸಿದರು. ಪವಿಯಾ 20 ಎಸೆತದಲ್ಲಿ 16 ಮುಟ್ಟಿಸಿದರು. ಅದಕ್ಕಿಂತ ಗಮನಿಸಬೇಕಾದದ್ದು, 60 ನಿಮಿಷದ ಆಟದಲ್ಲಿ ಸುಮಾರು 42 ನಿಮಿಷ ಚೆಂಡು ವ್ಯಾಂಡರ್‌ಬಿಲ್ಟ್ ಕೈಯಲ್ಲೇ ಇತ್ತು. ಮೂರನೇ ಯತ್ನದಲ್ಲಿ ಮತ್ತೆ ಮತ್ತೆ ಬೇಕಾದಷ್ಟು ಗಜ ಗಳಿಸಿ ಅಲಬಾಮಾದ ಆಕ್ರಮಣವನ್ನು ಬೆಂಚಿನ ಮೇಲೆ ಕೂರಿಸಿದರು. ಆ ರಾತ್ರಿ ವ್ಯಾಂಡರ್‌ಬಿಲ್ಟ್‌ನ ಊರಾದ ನ್ಯಾಶ್‌ವಿಲ್‌ನ ಅಭಿಮಾನಿಗಳು ಗೋಲ್ ಕಂಬವನ್ನೇ ಕಿತ್ತು ಹೊತ್ತುಕೊಂಡು ಹೋಗಿ ಕಂಬರ್ಲ್ಯಾಂಡ್ ನದಿಗೆ ಹಾಕಿದರು. ಇದೇ ತಂಡ ಮೂರು ವಾರ ಹಿಂದೆ ಜಾರ್ಜಿಯಾ ಸ್ಟೇಟ್‌ಗೆ ಸೋತಿತ್ತು ಎಂಬುದನ್ನೂ ಹೇಳಬೇಕು. ಒಗ್ಗಿದ ಕೋಚ್ ಇದ್ದರೂ ಏರಿಳಿತ ಪೂರ್ತಿ ಹೋಗುವುದಿಲ್ಲ.

ಪೆನಿಕ್ಸ್ ವಾಷಿಂಗ್ಟನ್‌ಗೆ ಹೋದದ್ದೂ ಹೀಗೆಯೇ. ಅಲ್ಲಿನ ಆಗಿನ ಮುಖ್ಯ ಕೋಚ್ ಕೇಲೆನ್ ಡಿಬೋರ್ ಹಿಂದೆ ಇಂಡಿಯಾನಾದಲ್ಲಿ ಅವರ ಆಕ್ರಮಣ ನಡೆಸಿದವರು. ಕೇಲೆಬ್ ವಿಲಿಯಮ್ಸ್ ತಮ್ಮ ಕೋಚ್ ಲಿಂಕನ್ ರೈಲಿಯವರ ಹಿಂದೆಯೇ ಒಕ್ಲಹೋಮಾದಿಂದ ಯುಎಸ್‌ಸಿಗೆ (ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ) ಹೋಗಿ, ಮೊದಲ ವರ್ಷವೇ, 2022ರಲ್ಲಿ, ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್ಮನ್ ಟ್ರೋಫಿ ಪಡೆದರು.

ಅನುಭವ ಒಂದೇ ಇದ್ದರೆ ಸಾಲದು ಎಂಬುದಕ್ಕೆ ಫ್ಲಾರಿಡಾ ಸ್ಟೇಟ್ ಇದೆ. 2023ರಲ್ಲಿ 13 ಗೆದ್ದು ಒಂದು ಸೋತ ತಂಡದಿಂದ ಹತ್ತು ಜನ ವೃತ್ತಿಪರ ಲೀಗಿಗೆ ಆಯ್ಕೆಯಾಗಿ ಹೋದರು. ಕ್ಲೆಮ್ಸನ್, ಒರೆಗಾನ್ ಸ್ಟೇಟ್ ಎರಡರಲ್ಲೂ ಆಡಿದ್ದ ಡಿ.ಜೆ. ಉಯಂಗಲೆಲೆ ಬಂದರು. ಸುತ್ತಲಿನ ಗೋಡೆ ಮತ್ತು ರಿಸೀವರ್‌ಗಳು ಹಳೆಯ ಮಟ್ಟದವರಾಗಿರಲಿಲ್ಲ. ಡಬ್ಲಿನ್‌ನಲ್ಲಿ ನಡೆದ ಮೊದಲ ಪಂದ್ಯವನ್ನು ಜಾರ್ಜಿಯಾ ಟೆಕ್‌ಗೆ 24–21ರಿಂದ ಸೋತ ತಂಡ ಆ ವರ್ಷ ಎರಡೇ ಪಂದ್ಯ ಗೆದ್ದಿತು.

ಅದೇ ಆಟಗಾರ, ಒಂದು ವರ್ಷದ ನಂತರ

ಜೋ ಬರೋ ಅವರದು ಈ ವಿಷಯ ಕಲಿಯುವವರಿಗೆ ಒಳ್ಳೆಯ ಪಾಠ. ಒಹಾಯೊ ಸ್ಟೇಟ್‌ನಲ್ಲಿ ಮೊದಲ ಸ್ಥಾನ ಸಿಗದೆ, ಪದವಿ ಮುಗಿಸಿಕೊಂಡು, 2018ರ ಮೇ ತಿಂಗಳಲ್ಲಿ ಎಲ್‌ಎಸ್‌ಯು (ಲೂಯಿಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯ) ಸೇರಿದರು. ಅಂದರೆ ವಸಂತದ 15 ಅಭ್ಯಾಸಗಳು ಅವರಿಗೆ ಸಿಗಲೇ ಇಲ್ಲ. ಮೊದಲ ಪಂದ್ಯದಲ್ಲಿ ಮಯಾಮಿ ಎದುರು 24 ಎಸೆತದಲ್ಲಿ 11 ಮುಟ್ಟಿಸಿ 140 ಗಜ ಗಳಿಸಿದರು. ತಂಡ 33–17ರಿಂದ ಗೆದ್ದಿತು, ಏಕೆಂದರೆ ಕೋಚ್‌ಗಳು ಅವರ ಮೇಲೆ ಭಾರ ಹಾಕದೆ ಓಟ ಮತ್ತು ರಕ್ಷಣೆಯನ್ನು ನೆಚ್ಚಿದರು. ಹೊಸಬ ಇದ್ದಾಗ ಜಾಣ ತಂಡಗಳು ಹೀಗೆಯೇ ಆಡುತ್ತವೆ. ಆ ಇಡೀ ಋತುವಿನಲ್ಲಿ ಅವರ ಎಸೆತಗಳಲ್ಲಿ ಮುಟ್ಟಿದ್ದು 57.8 ಶೇಕಡ, ಟಚ್‌ಡೌನ್ ಎಸೆತ 16.

2019ರಲ್ಲಿ ವೃತ್ತಿಪರ ತಂಡ ನ್ಯೂ ಆರ್ಲಿಯನ್ಸ್ ಸೇಂಟ್ಸ್‌ನಿಂದ ಜೋ ಬ್ರೇಡಿ ಎಸೆತದ ಕೋಚ್ ಆಗಿ ಬಂದರು. ರಿಸೀವರ್‌ಗಳನ್ನು ಅಂಗಳದ ಅಗಲಕ್ಕೂ ಹರಡಿ ನಿಲ್ಲಿಸುವ ಆಟ ಶುರುವಾಯಿತು. ಮೊದಲ ಪಂದ್ಯ ಜಾರ್ಜಿಯಾ ಸದರ್ನ್ ಎದುರು, 27 ಎಸೆತದಲ್ಲಿ 23, ಐದು ಟಚ್‌ಡೌನ್. ಎದುರಾಳಿ ಚಿಕ್ಕ ತಂಡ ಎನ್ನಬಹುದು. ಮುಂದಿನ ವಾರ ಆಸ್ಟಿನ್‌ಗೆ ಹೋಗಿ ಟೆಕ್ಸಾಸ್ ಎದುರು 471 ಗಜ ಎಸೆದರು. ಆ ಪಂದ್ಯದ ಕೊನೆಯಲ್ಲಿ ಮೂರನೇ ಯತ್ನಕ್ಕೆ 17 ಗಜ ಬಾಕಿ ಇತ್ತು. ಎದುರಾಳಿಗಳು ಮೈಮೇಲೆ ಬಂದರು, ಬರೋ ಮುಂದಕ್ಕೆ ಸರಿದು ಜಸ್ಟಿನ್ ಜೆಫರ್ಸನ್‌ಗೆ ಎಸೆದರು, 61 ಗಜದ ಟಚ್‌ಡೌನ್. 45–38ರ ಗೆಲುವು. ಆ ವರ್ಷ ತಂಡ 15 ಪಂದ್ಯ ಆಡಿ 15ನ್ನೂ ಗೆದ್ದಿತು, ಬರೋ 76.3 ಶೇಕಡ ಎಸೆತ ಮುಟ್ಟಿಸಿ 60 ಟಚ್‌ಡೌನ್ ಎಸೆದರು. ತೋಳು ಹಿಂದಿನ ವರ್ಷದ್ದೇ. ರಿಸೀವರ್‌ಗಳ ಜೊತೆ ಒಂದು ಪೂರ್ತಿ ವರ್ಷ ಕಳೆದದ್ದು, ಆಟದ ರೀತಿ ಅವರಿಗೆ ಹೊಂದಿದ್ದು, ಈ ಎರಡೂ ಸೇರಿ ಅಷ್ಟು ದೊಡ್ಡ ಬದಲಾವಣೆ ಆಯಿತು.

ಎದುರು ಪಾಳೆಯದ ತಲೆನೋವು

ಹೊಸ ಕ್ವಾರ್ಟರ್‌ಬ್ಯಾಕ್ ಇರುವುದರಿಂದ ಒಂದು ಲಾಭವೂ ಇದೆ. ಎದುರಾಳಿ ಕೋಚ್‌ಗಳ ಬಳಿ ಎರಡು ಬಗೆಯ ವಿಡಿಯೊ ಇರುತ್ತದೆ: ಆ ಆಟಗಾರ ಹಳೆಯ ಕಾಲೇಜಿನಲ್ಲಿ ಆಡಿದ್ದು, ಆ ಕೋಚ್ ಹಳೆಯ ಕ್ವಾರ್ಟರ್‌ಬ್ಯಾಕ್ ಜೊತೆ ಆಡಿಸಿದ್ದು. ಇಬ್ಬರೂ ಜೊತೆಯಾಗಿರುವ ವಿಡಿಯೊ ಇಲ್ಲ. ಮೊದಲನೆಯದರಿಂದ ಅವನ ರೂಢಿಗಳನ್ನು ಹೆಕ್ಕುತ್ತಾರೆ: ಒತ್ತಡ ಬಂದಾಗ ಎಡಕ್ಕೆ ಓಡುತ್ತಾನೋ ಬಲಕ್ಕೋ, ಮೂರನೇ ಯತ್ನದಲ್ಲಿ ಮೊದಲು ಯಾರನ್ನು ಹುಡುಕುತ್ತಾನೆ, ಚೆಂಡನ್ನು ಎಷ್ಟು ಹೊತ್ತು ಹಿಡಿದುಕೊಂಡಿರುತ್ತಾನೆ. ಎರಡನೆಯದರಿಂದ ಯೋಜನೆಗಳನ್ನು. ಎರಡನ್ನೂ ಕೂಡಿಸಿ ಊಹಿಸಬೇಕು. ಬಹಳಷ್ಟು ಕೋಚ್‌ಗಳು ಮೊದಲ 15ರಷ್ಟು ಯತ್ನಗಳ ಯೋಜನೆಯನ್ನು ಮೊದಲೇ ಬರೆದಿಟ್ಟುಕೊಳ್ಳುತ್ತಾರೆ. ಊಹೆ ತಪ್ಪಿದರೆ ಎದುರಾಳಿಗೆ ಪೆಟ್ಟು ಬೀಳುವುದು ಆಗಲೇ. ವಿರಾಮದಲ್ಲಿ ಸರಿಪಡಿಸಿಕೊಳ್ಳುತ್ತಾರೆ. ನಾಲ್ಕನೇ ವಾರದ ಹೊತ್ತಿಗೆ ಸಾಕಷ್ಟು ವಿಡಿಯೊ ಸೇರಿ ಈ ಲಾಭ ಕರಗಿರುತ್ತದೆ.

ಹಳೆಯ ಕಾಲೇಜಿನ ವಿರುದ್ಧವೇ ಆಡುವ ದಿನ ಬಂದರೆ ಗುಟ್ಟು ಬಿಟ್ಟುಕೊಡುತ್ತಾನೆ ಎಂಬ ಮಾತು ಹುಟ್ಟುತ್ತದೆ. ಅದಕ್ಕೆ ಅಷ್ಟು ಬೆಲೆ ಕೊಡಬೇಕಿಲ್ಲ. ಸಂಕೇತಗಳನ್ನು ಪ್ರತಿ ವರ್ಷ ಬದಲಿಸುತ್ತಾರೆ, ಹೆಲ್ಮೆಟ್ ಸ್ಪೀಕರ್ ಬಂದ ಮೇಲೆ ಕೈಸನ್ನೆಯ ಅಗತ್ಯವೂ ಕಡಿಮೆ. ಇನ್ನು ಅವನ ದೌರ್ಬಲ್ಯ ಹಳೆಯ ಜೊತೆಗಾರರಿಗೂ ಅಷ್ಟೇ ಚೆನ್ನಾಗಿ ಗೊತ್ತು.

ಮತ್ತೊಂದು ಪರಿಣಾಮ ಬೆಂಚಿನ ಮೇಲೆ ಆಗುತ್ತದೆ. ದೊಡ್ಡ ಹೆಸರಿನವನು ಬಂದರೆ ಕಾಯುತ್ತಿದ್ದವನು ಹೊರಡುತ್ತಾನೆ. 2019ರ ಜನವರಿಯಲ್ಲಿ ಜಸ್ಟಿನ್ ಫೀಲ್ಡ್ಸ್ ಜಾರ್ಜಿಯಾದಿಂದ ಒಹಾಯೊ ಸ್ಟೇಟ್‌ಗೆ ಬಂದರು, ಅದೇ ತಿಂಗಳು ಅಲ್ಲಿದ್ದ ಟೇಟ್ ಮಾರ್ಟೆಲ್ ಮಯಾಮಿಗೆ ಹೋದರು. ಹೊಸಬನಿಗೆ ಗಾಯವಾದರೆ ಮುಂದೆ ಯಾರು ಎಂಬ ಪ್ರಶ್ನೆಗೆ ಉತ್ತರ ಮೊದಲ ವರ್ಷದ ಹುಡುಗ ಆಗಿರಬಹುದು.

ಶನಿವಾರ ಏನು ನೋಡಬೇಕು

ಪಂದ್ಯ ಯಾರ ಊರಿನಲ್ಲಿ ಎಂಬುದು ಬಹಳ ಮುಖ್ಯ. ಎದುರಾಳಿಯ ಅಂಗಳದಲ್ಲಿ ಲಕ್ಷ ಜನ ಕೂಗುವಾಗ ಕ್ವಾರ್ಟರ್‌ಬ್ಯಾಕ್‌ನ ದನಿ ಕೇಳಿಸುವುದೇ ಇಲ್ಲ. ಆಗ ಮೌನ ಎಣಿಕೆ ಬಳಸುತ್ತಾರೆ: ಸೆಂಟರ್ ಪಕ್ಕದ ಗಾರ್ಡ್ ಹಿಂದೆ ತಿರುಗಿ ಕ್ವಾರ್ಟರ್‌ಬ್ಯಾಕ್‌ನ ಸನ್ನೆ ನೋಡಿ ಸೆಂಟರ್‌ನ ತೊಡೆ ತಟ್ಟುತ್ತಾನೆ, ಸೆಂಟರ್ ಮನಸ್ಸಿನಲ್ಲೇ ಎಣಿಸಿ ಚೆಂಡು ಕೊಡುತ್ತಾನೆ. ಹೊಸ ಜೋಡಿ ಇಲ್ಲಿ ಎಡವುತ್ತದೆ. ಯಾರೋ ಸ್ನ್ಯಾಪ್‌ಗೆ ಮೊದಲೇ ಅಲುಗಿದರೆ 5 ಗಜ ದಂಡ, 40 ಸೆಕೆಂಡು ಮೀರಿದರೆ ಮತ್ತೆ 5 ಗಜ. ಮೊದಲ ಭಾಗದಲ್ಲೇ ಇಂಥ ದಂಡ ಎರಡು ಮೂರು ಬಿದ್ದರೆ, ಅಥವಾ ಗಡಿಯಾರ ಮುಗಿಯುತ್ತ ಬಂದಾಗ ಟೈಮ್‌ಔಟ್ ಕೇಳಿದರೆ, ಭಾಷೆ ಇನ್ನೂ ಕೂತಿಲ್ಲ ಎಂದರ್ಥ.

ಇನ್ನೊಂದು, ಮೂರನೇ ಯತ್ನಕ್ಕೆ ಬಾಕಿ ಇರುವ ಗಜ. ಎರಡು ಮೂರು ಗಜ ಉಳಿಯುತ್ತಿದೆ ಎಂದರೆ ಓಟದವರು ಅವನ ಹೊರೆ ಇಳಿಸುತ್ತಿದ್ದಾರೆ. ಪ್ರತಿ ಸಲ ಎಂಟು ಹತ್ತು ಉಳಿಯುತ್ತಿದ್ದರೆ ಎಂಥ ಆಟಗಾರನಾದರೂ ಕಷ್ಟ. ಮುಟ್ಟಿದ ಎಸೆತಗಳ ಶೇಕಡವನ್ನು ಮಾತ್ರ ನೋಡಬೇಡಿ, ಒಂದು ಎಸೆತಕ್ಕೆ ಎಷ್ಟು ಗಜ ಬಂತು ಎಂದು ಭಾಗಿಸಿ ನೋಡಿ. ನಾರ್ದರ್ನ್ ಇಲಿನಾಯ್ ಎದುರು ಲೆನಾರ್ಡ್ ಅವರದು 163 ಭಾಗಿಸು 32, ಅಂದರೆ ಐದಕ್ಕೆ ತುಸು ಹೆಚ್ಚು. ಎಂಟು ದಾಟಿದರೆ ಆಕ್ರಮಣ ಚೆನ್ನಾಗಿ ಸಾಗುತ್ತಿದೆ ಎಂದು ಹೇಳಬಹುದು.

ಸಮಯದ ಪ್ರಜ್ಞೆಯನ್ನೂ ಗಮನಿಸಿ. ವಿಲ್ ಹೊವರ್ಡ್ ಕ್ಯಾನ್ಸಸ್ ಸ್ಟೇಟ್‌ನಲ್ಲಿ ನಾಲ್ಕು ವರ್ಷ ಆಡಿ 2024ರಲ್ಲಿ ಒಹಾಯೊ ಸ್ಟೇಟ್‌ಗೆ ಬಂದವರು. ಅಕ್ಟೋಬರ್ 12ರಂದು ಒರೆಗಾನ್ ಅಂಗಳದಲ್ಲಿ ತಂಡ 32–31ರಿಂದ ಹಿಂದಿತ್ತು. ಕೊನೆಯ ಯತ್ನದಲ್ಲಿ ಹೊವರ್ಡ್ ತಾವೇ ಓಡಿ, ಫೀಲ್ಡ್ ಗೋಲ್‌ಗೆ ಹತ್ತಿರವಾಗಲೆಂದು ಜಾರಿ ಕೂತರು. ಗಡಿಯಾರ ನೋಡಿದರೆ ಸೊನ್ನೆ. ಒದೆಯುವ ಅವಕಾಶವೇ ಬರಲಿಲ್ಲ.

ಆ ಋತುವಿನ ಫೈನಲ್ 2025ರ ಜನವರಿ 20ರಂದು ಅಟ್ಲಾಂಟಾದಲ್ಲಿ ನಡೆಯಿತು. ಒಹಾಯೊ ಸ್ಟೇಟ್‌ಗೆ ಹೊವರ್ಡ್, ನೋಟರ್ ಡೇಮ್‌ಗೆ ಲೆನಾರ್ಡ್. ಇಬ್ಬರೂ ಅದೇ ವರ್ಷ ಬಂದ ಟ್ರಾನ್ಸ್‌ಫರ್ ಕ್ವಾರ್ಟರ್‌ಬ್ಯಾಕ್‌ಗಳು. ಹೊವರ್ಡ್ ಮೊದಲ 13 ಎಸೆತಗಳನ್ನೂ ಮುಟ್ಟಿಸಿದರು. 31–7 ಆಗಿದ್ದ ಪಂದ್ಯವನ್ನು ಲೆನಾರ್ಡ್ 31–23ಕ್ಕೆ ಎಳೆದುತಂದರು. ಮೂರು ನಿಮಿಷವೂ ಉಳಿದಿರಲಿಲ್ಲ, ಒಹಾಯೊ ಸ್ಟೇಟ್‌ಗೆ ಮೂರನೇ ಯತ್ನದಲ್ಲಿ 11 ಗಜ ಬೇಕಿತ್ತು. ಬಲಬದಿಯ ಗೆರೆಯ ಹತ್ತಿರ ಜೆರೆಮಯ ಸ್ಮಿತ್‌ಗೆ ಒಬ್ಬನೇ ಕಾವಲು. ಸ್ಮಿತ್ ಕೂಡ ಹೊವರ್ಡ್ ಬಂದ ಜನವರಿಯಲ್ಲೇ ಕಾಲೇಜು ಸೇರಿದ ಮೊದಲ ವರ್ಷದ ಹುಡುಗ. ವಸಂತದ ಮೊದಲ ಅಭ್ಯಾಸದಿಂದ ಇಬ್ಬರೂ ಜೊತೆಗಿದ್ದವರು, ಅದು ಅವರ 16ನೇ ಪಂದ್ಯ. ಹೊವರ್ಡ್ ಚೆಂಡನ್ನು ಎತ್ತರಕ್ಕೆ ಎಸೆದರು. ಸ್ಮಿತ್ ಅದರ ಕೆಳಗೆ ಓಡಿ ಹಿಡಿದರು. 56 ಗಜ; ಗೋಲ್ ಗೆರೆ ಅಲ್ಲಿಂದ ಹತ್ತೇ ಗಜ ದೂರ.